ಎಡವದ ಜೋಡಿ

ಆ ಶಾಲೆಯ ಡ್ರಿಲ್ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು ಜೋಡಿಕಾಲು ಮೇಷ್ಟ್ರು. ಬೆನ್ನ ಹಿಂದೆ ಕರೆಯುವ ಹೆಸರೇ ಆದರೂ ಕಿವಿಗೆ ಬಿದ್ದಾಗ ಅವರು ಕೋಪಿಸಿಕೊಂಡವರಲ್ಲ, ಒಳಗೊಳಗೇ ಹಿಗ್ಗುತ್ತಿದ್ದರು. ಗಣಿತದ ಮೇಷ್ಟ್ರನ್ನು ಸೊಳ್ಳೆಬತ್ತಿ ಎಂದೂ ವಿಜ್ಞಾನದವರನ್ನು ಗಂಟಲುಕೆರೆತ ಎಂದೂ ಕರೆಯುವ ಬಾಯಿಗಳಿಂದ ಜೋಡಿಕಾಲು ಅನ್ನಿಸಿಕೊಂಡರೆ ಅದು ಬಿರುದೇ ಸರಿ.

ಆಳು ಉದ್ದ, ಮೈಯಲ್ಲಿ ಹಿಡಿ ಮಾಂಸವಿಲ್ಲ. ಕತ್ತಿನಲ್ಲಿ ವಿಷಲ್, ಕೆಳಗೆ ಬಿಳಿ ಪ್ಯಾಂಟು, ಅದರ ಗೀಟು ಮುಟ್ಟಿದರೆ ಕೈ ಕುಯ್ಯುವಂತಿರುತ್ತಿತ್ತು. ಆಟದ ಸಾಮಾನಿನ ಕೋಣೆಯೇ ಅವರ ಆಫೀಸು. ಗಾಳಿ ಇಳಿದ ಚೆಂಡುಗಳು, ಸುಣ್ಣದ ಪುಡಿಯ ಡಬ್ಬ, ಮಲಗಿದ ಹೆಬ್ಬಾವಿನಂತೆ ಸುರುಳಿ ಸುತ್ತಿದ ಹಗ್ಗಜಗ್ಗಾಟದ ಹಗ್ಗ, ಒಂದು ಕುಂಟು ಕುರ್ಚಿ. ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆಯ ಪಟ್ಟಿ ನೇತಾಡುತ್ತಿತ್ತು. ಹಳೆಯ ಹೊದಿಕೆಯ ಅಂಚನ್ನು ಮಡಚಿ ಮಡಚಿ ಅವರ ಹೆಂಡತಿ ಹೊಲಿದುಕೊಟ್ಟದ್ದು. ಮೆತ್ತನೆಯ ಪಟ್ಟಿ, ಎಷ್ಟು ಬಿಗಿದರೂ ಕಾಲಿಗೆ ಒತ್ತದು.

ಮೊದಮೊದಲು ಅವರೂ ಬೆತ್ತ ಹಿಡಿದವರೇ. ಆದರೆ ಬೆತ್ತದ ಏಟು ತಿಂದ ಹುಡುಗ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಗೇಟಿನಾಚೆ ಇನ್ನೊಬ್ಬನಿಗೆ ಬಡ್ಡಿ ಸಮೇತ ಕೊಡುತ್ತಿದ್ದ. ಇದನ್ನು ಕಂಡು ಕಂಡು ಬೇಸತ್ತಿದ್ದಾಗ, ಒಂದು ವರ್ಷ ಮೂರು ಕಾಲಿನ ಓಟಕ್ಕೆ ಚೀಟಿ ಎತ್ತಿದಾಗ ಹಾವು ಮುಂಗುಸಿಯಂತಿದ್ದ ಇಬ್ಬರು ಹುಡುಗರು ಒಂದೇ ಜೋಡಿಯಾಗಿ ಬಂದರು. ಮುಖ ಆಚೆ ಈಚೆ ತಿರುಗಿಸಿಕೊಂಡೇ ಕಾಲು ಕಟ್ಟಿಸಿಕೊಂಡರು. ಓಡಿದರು, ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಯವರಾಗಿ ಗೆರೆ ಮುಟ್ಟುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಷ್ಟ್ರು ಅಂದೇ ಬೆತ್ತವನ್ನು ಅಟ್ಟಕ್ಕೆ ಎಸೆದರು.

ಅಂದಿನಿಂದ ಯಾರೇ ಇಬ್ಬರು ಹೊಡೆದಾಡಿ ಸಿಕ್ಕಿಬೀಳಲಿ, ತಪ್ಪು ಯಾರದು, ಮೊದಲು ಕೈಯೆತ್ತಿದ್ದು ಯಾರು ಎಂದು ಅವರು ಕೇಳುತ್ತಿರಲಿಲ್ಲ. ಕೇಳಿದರೆ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾರೆ, ಕತೆ ಅಲ್ಲಿಗೇ ನಿಲ್ಲುತ್ತದೆ. ಒಬ್ಬನ ಎಡಗಾಲಿಗೆ ಇನ್ನೊಬ್ಬನ ಬಲಗಾಲು ಸೇರಿಸಿ ಪಟ್ಟಿ ಸುತ್ತಿ, ಮೈದಾನದ ಸುತ್ತ ಒಂದು ಸುತ್ತು ನಡೆದು ಬನ್ನಿ ಎನ್ನುತ್ತಿದ್ದರು. ಶಿಕ್ಷೆ ಅಷ್ಟೇ. ಮೊದಲ ಹೆಜ್ಜೆಗೇ ಒಬ್ಬ ಮುಂದೆ, ಇನ್ನೊಬ್ಬ ಹಿಂದೆ. ಕಾಲೆತ್ತೋ ಎಂದು ಒಬ್ಬ, ಎತ್ತಿದ್ದೀನಲ್ಲೋ, ನಿಂದೇನು ಕಾಲೋ ಕಂಬವೋ ಎಂದು ಇನ್ನೊಬ್ಬ. ದಡಕ್ಕನೆ ಬೀಳುವುದು, ಧೂಳು ಕೊಡವಿಕೊಂಡು ಏಳುವುದು. ಆಚೆ ತುದಿಯ ಗೋಲು ಕಂಬ ಮುಟ್ಟುವ ಹೊತ್ತಿಗೆ ಸಿಟ್ಟೆಲ್ಲ ಕಾಲಿಗಿಳಿದು, ಕಾಲಿಂದ ಮಣ್ಣಿಗಿಳಿದು ಹೋಗಿರುತ್ತಿತ್ತು. ಜಡೆ ಜಡೆ ಹಿಡಿದು ಕಿತ್ತಾಡಿದ್ದ ಇಬ್ಬರು ಹುಡುಗಿಯರು ಹೀಗೆ ಒಂದು ಸುತ್ತು ಬಂದವರು ಈಗ ಪೇಟೆಬೀದಿಯಲ್ಲಿ ಒಟ್ಟಿಗೆ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಈಗಲೂ ದಿನಾ ಕಿತ್ತಾಡುತ್ತಾರೆ, ಆದರೆ ಅಂಗಡಿ ಎರಡಾಗಿಲ್ಲ.

ಮೇಷ್ಟ್ರು ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಹೆಂಡತಿ ಮಾತ್ರ ಕಾಲೆಳೆಯುತ್ತಿದ್ದಳು. ಇಬ್ಬರೂ ಎಲ್ಲಿಗಾದರೂ ಹೊರಟರೆ ಮೇಷ್ಟ್ರು ತಮ್ಮ ಉದ್ದ ಕಾಲು ಹಾಕಿಕೊಂಡು ಬೀದಿಯ ಕೊನೆ ಮುಟ್ಟಿರುತ್ತಿದ್ದರು, ಅವಳು ಅರ್ಧ ಬೀದಿ ಹಿಂದೆ. ಕಟ್ಟಿಕೊಂಡವಳ ಜೊತೆ ಒಂದು ದಿನ ಸರಿಯಾಗಿ ಹೆಜ್ಜೆ ಹಾಕಿದವರಲ್ಲ, ಊರ ಮಕ್ಕಳ ಕಾಲು ಕಟ್ಟುತ್ತಾರಂತೆ ಎನ್ನುವಳು.

ಹೀಗಿರುವಾಗ ಎಂಟನೇ ತರಗತಿಯಲ್ಲಿ ಇಬ್ಬರು ಹುಡುಗರ ಪ್ರಕರಣ ಮೇಷ್ಟ್ರ ಕೈಗೆ ಬಂತು.

ಒಬ್ಬನನ್ನು ಎಲ್ಲರೂ ಬಂಡೆ ಎನ್ನುತ್ತಿದ್ದರು. ವಯಸ್ಸಿಗೆ ಮೀರಿದ ಮೈಕಟ್ಟು. ಹಗ್ಗಜಗ್ಗಾಟದಲ್ಲಿ ಹಗ್ಗದ ಕೊನೆಗೆ ನಿಂತು ಸೊಂಟಕ್ಕೆ ಸುತ್ತಿಕೊಂಡನೆಂದರೆ ಎದುರು ತಂಡದವರು ಕಾಲು ಸವೆಸಬೇಕೇ ಹೊರತು ಅವನನ್ನು ಅಲುಗಿಸುವಂತಿರಲಿಲ್ಲ. ಹೇಳಿದ ಕೆಲಸಕ್ಕೆ ಇಲ್ಲ ಎನ್ನದವನು, ಸುಣ್ಣದ ಡಬ್ಬ ಹೊತ್ತು ತರುವವನು, ಮೇಷ್ಟ್ರ ನೆಚ್ಚಿನ ಹುಡುಗ. ಇನ್ನೊಬ್ಬ ಶಾಲೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸಿನ ಮಗ. ತರಗತಿಯವರು ಅವನಿಗೆ ಇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಸಣ್ಣ ಆಳು. ಅಂಗಿಯಲ್ಲಿ ಒಂದು ಸುಕ್ಕಿರುತ್ತಿರಲಿಲ್ಲ, ಬಾಯಲ್ಲಿ ಒಂದು ಮಾತಿರುತ್ತಿರಲಿಲ್ಲ.

ಕಟ್ಟಡದ ಹಿಂದೆ ನೀರಿನ ಟ್ಯಾಂಕಿಗೂ ಕಾಂಪೌಂಡಿಗೂ ನಡುವೆ ಒಂದು ಸಂದು ಇತ್ತು. ಒಂದು ದಿನ ಅಲ್ಲಿಂದ ಕೂಗು ಕೇಳಿ ಮೇಷ್ಟ್ರು ಓಡಿದರು. ನೋಡಿದರೆ ಬಂಡೆಯ ಮಣಿಕಟ್ಟಿನಲ್ಲಿ ರಕ್ತ, ಇಸ್ತ್ರಿ ಹುಡುಗನ ಹಲ್ಲಿನ ಗುರುತು. ಹುಡುಗನ ಅಂಗಿಯ ಗುಂಡಿ ಕಿತ್ತಿತ್ತು. ಸುತ್ತ ನಿಂತಿದ್ದವರೆಲ್ಲ ಬಾಯಿಗೆ ಬೀಗ ಜಡಿದುಕೊಂಡಿದ್ದರು. ಮೇಷ್ಟ್ರಿಗೆ ಇದು ಹಿಂದಿನ ನೂರರ ಜೊತೆಗೆ ನೂರೊಂದನೆಯ ಜಗಳವಾಗಿ ಕಂಡಿತು. ಗಾಯ ತೊಳೆಸಿ, ಪಟ್ಟಿ ತರಿಸಿ, ಇಬ್ಬರ ಕಾಲನ್ನೂ ಕಟ್ಟಿ ಬಿಟ್ಟರು.

ಆಮೇಲೆ ಆದದ್ದು ಅವರ ಅಷ್ಟು ವರ್ಷದ ಅನುಭವದಲ್ಲೇ ಆಗದ್ದು. ಜೋಡಿ ಎಡವಲಿಲ್ಲ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಂದೇ ಸಮ, ನೀರು ಹರಿದ ಹಾಗೆ ನಡೆದು ಬಂದರು. ಒಬ್ಬ ಆನೆ, ಒಬ್ಬ ಇಲಿ, ಆದರೂ ಕಣ್ಣುಮುಚ್ಚಿ ಕೇಳಿದರೆ ಒಬ್ಬನೇ ನಡೆದಂತೆ ಸದ್ದು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಇಬ್ಬರನ್ನೂ ಮುಂದೆ ಕರೆದು, ನಿನ್ನೆ ಹೊಡೆದಾಡಿದವರು ಇಂದು ಗೆಳೆಯರು, ನೋಡಿ ಕಲಿಯಿರಿ ಎಂದು ಶಾಲೆಗೆಲ್ಲ ಸಾರಿದರು. ಬಂಡೆ ನಕ್ಕು ಇಸ್ತ್ರಿಯ ಹೆಗಲ ಮೇಲೆ ಕೈ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಕಾಲಕ್ಕೆ ಸುತ್ತಮುತ್ತಲಿನ ಶಾಲೆಗಳಲ್ಲಿ ಹುಡುಗರ ಹೊಡೆದಾಟ ಮಿತಿಮೀರಿತ್ತು. ಒಂದು ಶಾಲೆಯಲ್ಲಂತೂ ಒಬ್ಬ ಹುಡುಗನ ಕಣ್ಣೇ ಹೋಗುವುದರಲ್ಲಿತ್ತು. ಜೋಡಿಕಾಲಿನ ಸುದ್ದಿ ಹೇಗೋ ಹರಡಿ, ಆ ಶಾಲೆಗಳ ಮೇಷ್ಟ್ರುಗಳೆಲ್ಲ ಒಂದು ದಿನ ಬಂದು ನೋಡುತ್ತೇವೆಂದು ಮುಖ್ಯೋಪಾಧ್ಯಾಯಿನಿಗೆ ಹೇಳಿಕಳಿಸಿದರು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೋರಿಸುವುದಾದರೆ ಒಳ್ಳೆಯದನ್ನೇ ತೋರಿಸಬೇಕು ಎಂದು, ಎಡವದ ಜೋಡಿಯನ್ನೇ ಆರಿಸಿದರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಕಾಲು ಕಟ್ಟಿಕೊಂಡು ಅಭ್ಯಾಸ ಮಾಡಬೇಕೆಂದು ಅಪ್ಪಣೆಯಾಯಿತು.

ಮಾರನೆಯ ದಿನದಿಂದ ಇಸ್ತ್ರಿ ಹುಡುಗ ಶಾಲೆಗೆ ಬರಲಿಲ್ಲ.

ಮೊದಲು ಜ್ವರ ಎಂದುಕೊಂಡರು. ಆಮೇಲೂ ಬರದಿದ್ದಾಗ ಮೇಷ್ಟ್ರಿಗೆ ಕಸಿವಿಸಿ ಶುರುವಾಯಿತು. ನಿಜ ಹೇಳಬೇಕೆಂದರೆ ಆ ಕಸಿವಿಸಿ ಹುಡುಗನಿಗಾಗಿ ಅಲ್ಲ, ಬರುವ ಅತಿಥಿಗಳಿಗಾಗಿ. ಇಸ್ತ್ರಿಗೆ ಕೊಡಲು ಬಿಳಿ ಪ್ಯಾಂಟುಗಳ ಗಂಟು ಹೇಗೂ ಇತ್ತು, ಅದನ್ನು ಹಿಡಿದು ಹಿಂದಿನ ಬೀದಿಗೆ ಹೊರಟರು.

ಮಹಡಿ ಮನೆಯೊಂದರ ಮೆಟ್ಟಿಲ ಕೆಳಗಿನ ಜಾಗವೇ ಆ ಅಂಗಡಿ. ಹಳೆಯ ಕಂಬಳಿ ಹಾಸಿದ ಮೇಜು, ಗೋಡೆಯುದ್ದಕ್ಕೂ ಗಂಟುಗಳು, ಬಿಸಿ ಬಟ್ಟೆಯ ವಾಸನೆ. ತಾಯಿ ನಿಂತು ಇಸ್ತ್ರಿ ಮಾಡುತ್ತಿದ್ದಳು, ಮಗ ಮೂಲೆಯಲ್ಲಿ ಕೂತು ಅಂಗಿಗಳನ್ನು ಮಡಚುತ್ತಿದ್ದ. ಮೇಷ್ಟ್ರನ್ನು ಕಂಡವನೇ ತಲೆ ಇನ್ನಷ್ಟು ತಗ್ಗಿಸಿದ.

ತಾಯಿ ತನ್ನ ಅಳಲು ತೋಡಿಕೊಂಡಳು. ಬೈದದ್ದಾಯಿತು, ಬೇಡಿಕೊಂಡದ್ದಾಯಿತು, ಶಾಲೆ ಒಲ್ಲೆ ಅನ್ನುವುದೊಂದೇ ಮಾತು. ಗಂಡ ಇಲ್ಲದ ಮನೆ, ಹೇಳುವ ಗಂಡಸಿಲ್ಲ. ಬೇರೆ ಊರಿನಲ್ಲಿ ಗ್ಯಾರೇಜು ನಡೆಸುವ ಅವಳ ತಮ್ಮ ಈ ವಾರದ ಕೊನೆಗೆ ಬಂದು ಅಳಿಯನನ್ನು ಕರೆದುಕೊಂಡು ಹೋಗುತ್ತಾನೆ. ಓದದಿದ್ದರೆ ಸ್ಪ್ಯಾನರ್ ಹಿಡಿಯುವುದನ್ನಾದರೂ ಕಲಿಯಲಿ ಎಂದಿದ್ದಾನೆ. ಮಗ ಅದಕ್ಕೂ ಹೂಂ ಅಂದಿದ್ದಾನೆ.

ಮೇಷ್ಟ್ರು ಹುಡುಗನ ಪಕ್ಕದ ಗಂಟಿನ ಮೇಲೆ ಕೂತು ಬೆನ್ನು ತಟ್ಟಿದರು. ತಮ್ಮ ಮಾತಿನಲ್ಲಿ ಬೆಣ್ಣೆ ಸವರಿ, "ನಿಮ್ಮಂಥ ಜೋಡಿ ಈ ಶಾಲೇಲಿ ಇನ್ನೊಂದಿಲ್ಲ ಕಣೋ ಮರಿ. ಒಂದು ಹೆಜ್ಜೆ ತಪ್ಪಲ್ಲ ನೀವು. ನೀನು ಬರಲ್ಲ ಅಂದ್ರೆ ಹೇಗೆ" ಎಂದರು.

ಹುಡುಗ ಮಡಚುತ್ತಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದ. ಆಮೇಲೆ ಅಂಗಿಗೇ ಹೇಳುವವನ ಹಾಗೆ ಹೇಳಿದ.

"ಒಂದು ಸಲ ಎಡವಿದ್ರೆ ಒಂದು ಗುದ್ದು ಅಂತ ಕಿವೀಲಿ ಅಂದಿದ್ದ ಸಾರ್. ಆಮೇಲೆ ಟ್ಯಾಂಕಿನ ಹಿಂದೆ ಕೊಡ್ತೀನಿ ಅಂತ. ಅದಕ್ಕೇ ಅವನ ಕಾಲು ಯಾವಾಗ ಏಳುತ್ತೆ ಅಂತ ಅದನ್ನೇ ನೋಡ್ಕೊಂಡು ನಡೆದೆ."

ಮೇಷ್ಟ್ರ ಕೈ ಹುಡುಗನ ಬೆನ್ನ ಮೇಲೇ ಉಳಿಯಿತು. ತೆಗೆಯಲು ಆಗಲಿಲ್ಲ, ಇಡಲೂ ಆಗಲಿಲ್ಲ.

ಮಿಕ್ಕದ್ದು ತುಣುಕು ತುಣುಕಾಗಿ ಹೊರಬಂತು. ಚಿಕ್ಕ ತರಗತಿಯಿಂದಲೂ ಹೀಗೇ ನಡೆದಿತ್ತು. ಬುತ್ತಿ ಕಿತ್ತುಕೊಳ್ಳುವುದು, ಪುಸ್ತಕ ಟ್ಯಾಂಕಿಗೆ ಎಸೆಯುವುದು, ಅಂಗಿಯ ಮೇಲೆ ಕೆಸರುಗಾಲು ಒರೆಸಿ ನಿಮ್ಮಮ್ಮನಿಗೆ ಕೆಲಸ ಬೇಕಲ್ಲ ಅನ್ನುವುದು. ಒಂದೇ ಒಂದು ದಿನ ತಡೆಯಲಾರದೆ ಕಚ್ಚಿದ್ದ. ಆ ಒಂದು ದಿನವೇ ಮೇಷ್ಟ್ರು ಬಂದದ್ದು.

"ನನ್ನ ಹತ್ರ ಬಂದು ಹೇಳಬಾರದಿತ್ತೇನೋ" ಎಂದರು ಮೇಷ್ಟ್ರು.

"ಹೇಗೆ ಹೇಳಲಿ ಸಾರ್? ನೀವೇ ಎಲ್ಲರ ಮುಂದೆ ಗೆಳೆಯರು ಅಂದ್ರಿ. ಆಮೇಲೆ ಅವನು ಹೆಗಲ ಮೇಲೆ ಕೈ ಹಾಕ್ಕೊಂಡೇ ಟ್ಯಾಂಕಿನ ಹಿಂದೆ ಕರ್ಕೊಂಡು ಹೋಗ್ತಿದ್ದ. ಗಣಿತದ ಸಾರ್ ನೋಡಿ ನಕ್ಕರು. ಎಷ್ಟು ಚೆನ್ನಾಗಿದ್ದೀರಪ್ಪಾ ಅಂದ್ರು."

ತಾಯಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಮೇಜಿನಂಚು ಹಿಡಿದುಕೊಂಡಳು. ಅಳಲಿಲ್ಲ. "ಶಾಲೆಗೆ ಹೋಗ್ದೇ ಇದ್ರೆ ಬದುಕಿಡೀ ಕಂಡವರ ಸುಕ್ಕು ತೀಡ್ತಾ ಇರ್ತೀಯ ಅಂತ ಇವನಿಗೆ ಬೈದೆ ಮೇಷ್ಟ್ರೇ. ಇವನ ಮೈಮೇಲೆ ಏನಾಗ್ತಿದೆ ಅಂತ ನಾನೂ ನೋಡಲಿಲ್ಲ" ಎಂದಳು.

ತಮ್ಮನನ್ನು ಸ್ವಲ್ಪ ತಡೆಯಿರಿ, ನಾನು ಸರಿ ಮಾಡುತ್ತೇನೆ ಎಂದು ಮೇಷ್ಟ್ರು ಕೇಳಿಕೊಂಡರು. ಅವಳು ಅವರ ಮುಖವನ್ನು ನೆಟ್ಟಗೆ ನೋಡಿದಳು.

"ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆದ್ರೆ ಕಟ್ಟಿದವರು ನೀವೇ ಅಲ್ವಾ."

ಮೇಷ್ಟ್ರು ಪ್ಯಾಂಟಿನ ಗಂಟನ್ನು ಕೊಡುವುದನ್ನೂ ಮರೆತು ಅದನ್ನು ಹಿಡಿದುಕೊಂಡೇ ಮನೆಗೆ ಬಂದರು. ಹೆಂಡತಿ ಕಿಟಕಿಯ ಬಳಿ ಕೂತು ಹೊಲಿಗೆ ಬಿಚ್ಚುತ್ತಿದ್ದಳು. ಗಂಡನ ಮುಖ ನೋಡಿ ಕಾಲೆಳೆಯುವ ಆಸೆಯನ್ನು ನುಂಗಿಕೊಂಡು, ಚಹಾ ಕೊಟ್ಟು, ಕತೆ ಪೂರ್ತಿ ಕೇಳಿದಳು. ಎಷ್ಟು ಚೆನ್ನಾಗಿ ನಡೆದರು, ಎಷ್ಟು ಚೆನ್ನಾಗಿ ನಡೆದರು ಎಂದು ಅವರು ಎರಡೆರಡು ಸಲ ಹೇಳಿದಾಗ ಮಾತ್ರ ಬಾಯಿ ಬಿಟ್ಟಳು.

"ನಿಮ್ಮ ಜೊತೆ ಬರೋವಾಗ ನಾನು ಯಾಕೆ ಹಿಂದೆ ಉಳೀತೀನಿ ಅಂದ್ಕೊಂಡ್ರಿ? ನಂಗೆ ನಿಮ್ಮ ಹೆದರಿಕೆ ಇಲ್ಲ. ಇದ್ದಿದ್ರೆ ಓಡೋಡಿ ಬಂದು ಪಕ್ಕದಲ್ಲೇ ನಡೀತಿದ್ದೆ. ನೀವೂ, ನೋಡು ಎಂಥಾ ಹೆಂಡತಿ, ಎಷ್ಟು ಚೆನ್ನಾಗಿ ಹೆಜ್ಜೆ ಹಾಕ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ರಿ."

ಚಹಾ ಆರಿಹೋಯಿತು. ಮೇಷ್ಟ್ರು ತಾವು ಕಟ್ಟಿದ ಕಾಲುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡರು. ಬಿದ್ದು ನಕ್ಕವರೆಲ್ಲ ಸಮಸಮ ಆಳುಗಳು, ಬೈಗುಳಕ್ಕೆ ಬೈಗುಳ ಕೊಟ್ಟವರು. ಮರೆತೇಹೋಗಿದ್ದ ಇನ್ನೊಂದು ಜೋಡಿಯೂ ಹಿಂದೆ ಯಾವಾಗಲೋ ತುಟಿ ಪಿಟಕ್ಕೆನ್ನದೆ ನಡೆದದ್ದು ನೆನಪಿಗೆ ಬಂತು. ಅದರಲ್ಲಿ ಚಿಕ್ಕವನು ಆ ವರ್ಷವೇ ಬೇರೆ ಶಾಲೆಗೆ ಹೋಗಿದ್ದ. ಯಾಕೆ ಹೋದ ಎಂದು ತಾವು ಕೇಳಿರಲಿಲ್ಲ. ಅವನ ಮುಖ ನೆನಪಾಯಿತು, ಹೆಸರು ಎಷ್ಟು ತಡಕಿದರೂ ಸಿಗಲಿಲ್ಲ.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿದ್ದರು. ಆಕೆ ಮಾತು ಕಡಿಮೆಯ ಹೆಂಗಸು. ಮೇಜಿನ ಮೇಲಿದ್ದ ಆಮಂತ್ರಣದ ಕಟ್ಟನ್ನು ಪಕ್ಕಕ್ಕೆ ಸರಿಸಿ ಕೇಳಿದಳು. ನಡುವೆ ಬಂದ ಗಣಿತದ ಮೇಷ್ಟ್ರು, ಅಂಥವನಿಗೆ ಟಿ.ಸಿ. ಕೊಟ್ಟು ಕಳಿಸಿ, ಪೀಡೆ ಕಳೆಯಲಿ ಎಂದರು. ಕಳಿಸಿದರೆ ಇನ್ನೊಂದು ಶಾಲೆಯಲ್ಲಿ ಇನ್ನೊಂದು ಟ್ಯಾಂಕು ಹುಡುಕಿಕೊಳ್ಳುತ್ತಾನೆ, ಇನ್ನೊಬ್ಬ ಸಣ್ಣ ಹುಡುಗನನ್ನೂ, ಎಂದಳು ಆಕೆ.

ಡ್ರಿಲ್ ಮೇಷ್ಟ್ರು ಇಬ್ಬರನ್ನೂ ಕೂರಿಸಿ ಮಾತಾಡಿಸೋಣವೇ ಎಂದಾಗ ತಲೆಯಾಡಿಸಿದಳು. "ಬೇಡ ಮೇಷ್ಟ್ರೇ. ಇದು ಜಗಳ ಅಲ್ಲ. ಜಗಳ ಆದ್ರೆ ಇಬ್ಬರೂ ಬೈತಾರೆ. ಇಲ್ಲಿ ಒಬ್ಬ ಹೊಡೀತಾನೆ, ಇನ್ನೊಬ್ಬ ತಿಂತಾನೆ. ತಿಂದವನನ್ನ ಅವನ ಎದುರಿಗೆ ಕೂರಿಸಿ ಹೇಳಪ್ಪಾ ಅಂದ್ರೆ ಅವನು ಏನು ಹೇಳ್ತಾನೆ?" ಆಮೇಲೆ ಎಲ್ಲಿ ನಡೆಯುತ್ತದೆ, ಯಾವ ಹೊತ್ತಿನಲ್ಲಿ, ನೋಡುವವರು ಯಾರು ಎಂದು ಒಂದೊಂದಾಗಿ ಕೇಳಿದಳು. ಮಕ್ಕಳನ್ನು ಕೇಳಿ ತಿಳಿದು ಹೇಳುತ್ತೇನೆ ಎಂದರು ಮೇಷ್ಟ್ರು.

ಅತಿಥಿಗಳಿಗೆ ಏನು ಹೇಳೋಣ ಎಂದಳು. ಇದ್ದದ್ದನ್ನೇ ಹೇಳಿ, ನಾನೇ ಫೋನ್ ಮಾಡುತ್ತೇನೆ ಎಂದರು ಮೇಷ್ಟ್ರು. ಮಾಡಿದರು ಕೂಡ. ಆ ಕಡೆಯವರೊಬ್ಬರು, ನಾವು ನಿಮ್ಮ ಸುದ್ದಿ ಕೇಳಿ ಆಗಲೇ ಇಬ್ಬರ ಕಾಲು ಕಟ್ಟಿದ್ದೇವಲ್ಲ ಎಂದರು. ಎಡವುತ್ತಾರೋ ಇಲ್ಲವೋ ನೋಡಿ, ಎಡವದಿದ್ದರೆ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿ ಎಂದರು ಮೇಷ್ಟ್ರು.

ಆ ವಾರವೆಲ್ಲ ಅವರು ಕುಂಟು ಕುರ್ಚಿಯನ್ನು ಬೇವಿನ ಮರದಡಿ ಹಾಕಿಕೊಂಡು ಎಂಟನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದರು. ಮೊದಲಿಗೆ ಬಂದವರು ಚಪ್ಪಲಿಯ ತುದಿ ನೋಡಿಕೊಂಡು ನಿಂತಿದ್ದು ವಾಪಸು ಹೋದರು. ದಪ್ಪ ಕನ್ನಡಕದ ಒಬ್ಬ ಹುಡುಗಿ ಮಾತ್ರ ಅಳುಕಲಿಲ್ಲ.

"ಎಲ್ಲರಿಗೂ ಗೊತ್ತಿತ್ತು ಸಾರ್. ನೀವು ಸರಿ ಮಾಡಿದ್ದೀರಿ ಅಂತ ಸುಮ್ಮನಾದ್ವಿ."

ಅವಳು ಬಾಯಿ ಬಿಟ್ಟ ಮೇಲೆ ಉಳಿದವರದೂ ಬಿಚ್ಚಿಕೊಂಡಿತು. ತಾವೂ ನಕ್ಕಿದ್ದೆವು ಎಂದರು ಕೆಲವರು. ನಗದಿದ್ದರೆ ತಮ್ಮ ಸರದಿ ಬರುತ್ತಿತ್ತು ಎಂದರು. ಮೇಷ್ಟ್ರು ಯಾರಿಗೂ ಬೈಯಲಿಲ್ಲ. ಇನ್ನು ಮುಂದೆ ನೋಡಿದವರು ಓಡಿ ಬಂದು ನನಗೆ ಹೇಳಬೇಕು, ಹೇಳಿದವರು ಯಾರೆಂದು ನನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು ಮಾತು ಕೊಟ್ಟರು.

ಬಂಡೆಯನ್ನು ಸಾಮಾನಿನ ಕೋಣೆಗೆ ಕರೆದದ್ದು ಕೊನೆಗೆ. ಹುಡುಗ ಎಂದಿನಂತೆ ಸುಣ್ಣದ ಡಬ್ಬಕ್ಕೆ ಕೈ ಹಾಕಿದ. ಬಿಡು, ಕೂತುಕೋ ಎಂದರು. ವಿಷಯ ತೆಗೆದದ್ದೇ ಹುಡುಗ ಹುಬ್ಬೇರಿಸಿದ.

"ನಾವು ಫ್ರೆಂಡ್ಸ್ ಸಾರ್. ನೀವೇ ಹೇಳಿದ್ರಲ್ಲ."

ಮೇಷ್ಟ್ರಿಗೆ ಕಪಾಳಕ್ಕೆ ಬಿದ್ದಂತಾಯಿತು. ಕೈ ತುರಿಸಿತು ಕೂಡ. ಆದರೆ ಅಟ್ಟದ ಮೇಲಿದ್ದ ಬೆತ್ತ ಅಲ್ಲೇ ಇರಲಿ ಎಂದುಕೊಂಡು, ಹೌದು, ನಾನು ಹೇಳಿದ್ದೆ, ತಪ್ಪು ಹೇಳಿದ್ದೆ ಎಂದರು. ಟ್ಯಾಂಕಿನ ಹಿಂದೆ ನಡೆದದ್ದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟರು. ಹುಡುಗ ಮೊದಲು ಇಲ್ಲ ಎಂದ, ಆಮೇಲೆ ತಮಾಷೆಗೆ ಎಂದ, ಆಮೇಲೆ ಅವನೂ ಕಚ್ಚಿದನಲ್ಲ ಎಂದ. ಕಡೆಗೆ ಹಗ್ಗದ ಸುರುಳಿಯನ್ನೇ ನೋಡುತ್ತ ಕೂತ.

ಮರದ ಮಿಲ್ಲಿನಲ್ಲಿ ಕೆಲಸ ಮಾಡುವ ಅವನ ಅಪ್ಪ ಹುಬ್ಬಿನ ಮೇಲೆ ಹೊಟ್ಟು ಹೊತ್ತುಕೊಂಡೇ ಬಂದರು. ಕೇಳಿದವರೇ ಮಗನ ಮೇಲೆ ಕೈಯೆತ್ತಿದರು. ಡ್ರಿಲ್ ಮೇಷ್ಟ್ರು ಆ ಕೈಯನ್ನು ಗಾಳಿಯಲ್ಲೇ ಹಿಡಿದರು. "ಇಲ್ಲಿ ಬೇಡ. ಮನೇಲೂ ಬೇಡ. ಅವನು ಈ ಏಟನ್ನ ನಾಳೆ ಯಾರಿಗೆ ಕೊಡ್ತಾನೋ, ನಾನು ಅದನ್ನ ಹುಡುಕ್ಕೊಂಡು ಹೋಗಬೇಕಾಗುತ್ತೆ." ಅಪ್ಪ ಕೈ ಇಳಿಸಿ, ಹಾಗಾದರೆ ಏನು ಮಾಡಲಿ ಹೇಳಿ ಎಂದು ನಿಜವಾಗಿಯೂ ಕೇಳಿದರು. ತೀರ್ಮಾನವಾದದ್ದು ಇಷ್ಟು: ಹುಡುಗ ಬೇರೆ ವಿಭಾಗಕ್ಕೆ ಹೋಗಬೇಕು, ಬಿಡುವಿನ ಹೊತ್ತು ಮೇಷ್ಟ್ರ ಕಣ್ಣೆದುರಿಗೇ ಇರಬೇಕು, ಈ ಸಲ ಹಗ್ಗ ಹಿಡಿಯುವಂತಿಲ್ಲ. ಅಪ್ಪ ವಾರಕ್ಕೊಮ್ಮೆ ಬಂದು ಮಗನ ಜೊತೆಗೇ ಕೂತು ಮೇಷ್ಟ್ರ ಬಳಿ ಮಾತಾಡಬೇಕು, ಸಂಬಳ ಕಡಿತವಾಗದಂತೆ ಮಿಲ್ಲಿನ ಊಟದ ಬಿಡುವಿನಲ್ಲಿ. ಉಳಿದ ಮೂರೂ ಮಾತಿಗೆ ಸುಮ್ಮನಿದ್ದ ಬಂಡೆ ಹಗ್ಗದ ಮಾತಿಗೆ ಮಾತ್ರ ಕಣ್ಣು ತುಂಬಿಕೊಂಡ. ಅವನಿಲ್ಲದೆ ತಂಡ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕುತ್ತದೆಂದು ಮೇಷ್ಟ್ರಿಗೂ ಗೊತ್ತಿತ್ತು. ಮುಕ್ಕಿತು ಕೂಡ.

ವಾರದ ಕೊನೆಗೆ ಇಸ್ತ್ರಿ ಅಂಗಡಿಗೆ ಹೋದಾಗ ಸೋದರಮಾವ ಬಂದು ಕೂತಾಗಿತ್ತು. ಗಟ್ಟಿ ಆಳು, ಉಗುರಿನಲ್ಲಿ ಗ್ರೀಸು. ಮೂಲೆಯಲ್ಲಿ ಹುಡುಗನ ಬಟ್ಟೆಯ ಚೀಲ, ತಾಯಿಯೇ ಮಡಚಿಟ್ಟದ್ದು, ಗಾಳಿ ಕೂಡ ನುಗ್ಗದಷ್ಟು ಅಚ್ಚುಕಟ್ಟು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಾವೂ ಏಟು ತಿಂದೇ ದೊಡ್ಡವರಾದ್ವಿ ಮೇಷ್ಟ್ರೇ" ಎಂದ ಮಾವ, ಜಗಳವಾಡುವ ದನಿಯಲ್ಲೇನಲ್ಲ. "ನನ್ನ ಗ್ಯಾರೇಜಲ್ಲಿ ಹುಡುಗರಿಗೆ ನಾನೂ ಒಂದೆರಡು ಕೊಡ್ತೀನಿ. ಕಲೀತಾರೆ."

"ಕಲೀತಾರೆ" ಎಂದರು ಮೇಷ್ಟ್ರು. "ಏನು ಕಲೀತಾರೆ ಅನ್ನೋದೇ ನಂಗೂ ಇತ್ತೀಚೆಗೆ ಗೊತ್ತಾಗಿದ್ದು."

ಮಾವ ಗ್ರೀಸಿನ ಉಗುರನ್ನು ಇನ್ನೊಂದು ಉಗುರಿನಿಂದ ಕೆರೆದುಕೊಂಡ.

ಮೇಷ್ಟ್ರು ಹುಡುಗನಿಗೆ ಏನೇನು ಮಾಡಿದ್ದೇವೆಂದು ಹೇಳಿದರು. ಬಂಡೆಯ ವಿಭಾಗ ಬದಲಾಗಿದೆ, ಟ್ಯಾಂಕಿನ ಸಂದಿಗೆ ಈಗ ತಮ್ಮ ಕುರ್ಚಿ ಬಂದಿದೆ, ಬಿಡುವಿಗೆಲ್ಲ ಅಲ್ಲೇ ಠಿಕಾಣಿ. ಹುಡುಗ ಕೇಳಿದ. ಆಮೇಲೆ ಒಂದೊಂದಾಗಿ ಪ್ರಶ್ನೆ ಹಾಕಿದ, ಲಾಯರಿನ ಹಾಗೆ.

"ಅವನ ಕೈ ಕುಲುಕಬೇಕಾ?"

"ಬೇಡ."

"ಅವನು ಸಾರಿ ಅಂದ್ರೆ ನಾನು ಆಯ್ತು ಬಿಡು ಅನ್ನಬೇಕಾ?"

"ಅನ್ನಲೇಬೇಕು ಅಂತಿಲ್ಲ."

"ನಂಗೆ ಇನ್ನೂ ಸಿಟ್ಟಿದೆ ಅನ್ನಬಹುದಾ?"

ಇಷ್ಟು ವರ್ಷ ಮಕ್ಕಳ ಸಿಟ್ಟನ್ನು ಆದಷ್ಟು ಬೇಗ ಮಣ್ಣಿಗಿಳಿಸುವುದೇ ಮೇಷ್ಟ್ರ ಕಸುಬಾಗಿತ್ತು. "ಅನ್ನಬಹುದು" ಎಂದರು. "ನನ್ನ ಮೇಲೂ ಇದ್ರೆ ಹೇಳಬಹುದು."

"ಇದೆ" ಎಂದ ಹುಡುಗ.

ತಾಯಿ ಏಯ್ ಎಂದು ಗದರಲು ಹೋದಳು, ಮೇಷ್ಟ್ರು ಕೈ ಅಡ್ಡ ಹಿಡಿದರು. ಇರಲಿ ತಾಯಿ, ಇರಬೇಕಾದದ್ದೇ ಎಂದರು. ಹುಡುಗ ಚೀಲದ ಕಡೆ ನೋಡಿದ, ಮಾವನ ಕಡೆ ನೋಡಿದ. ಒಂದು ವಾರ ಹೋಗಿ ನೋಡುತ್ತೇನೆ, ಆಗದಿದ್ದರೆ ಬರುತ್ತೇನೆ ಮಾವಾ ಎಂದ. ಗ್ಯಾರೇಜು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಮಾವ ಒಬ್ಬನೇ ಬಸ್ಸು ಹತ್ತಿದ.

ಹುಡುಗ ಸೋಮವಾರ ಬಂದ. ಬಂದವನು ಗೋಡೆಗೆ ಅಂಟಿಕೊಂಡೇ ನಡೆದ, ಯಾರ ಜೊತೆಗೂ ಮಾತಾಡಲಿಲ್ಲ. ಕನ್ನಡಕದ ಹುಡುಗಿ ಪೆನ್ಸಿಲು ಕೇಳುವ ನೆವದಲ್ಲಿ ಮಾತಾಡಿಸಿದಳು, ಅವನು ಪೆನ್ಸಿಲು ಕೊಟ್ಟು ಪುಸ್ತಕದೊಳಗೆ ತಲೆ ತಗ್ಗಿಸಿದ. ಬಂಡೆ ಎದುರು ಸಿಕ್ಕಾಗ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಬಂಡೆ ಮುಖ ಸಿಂಡರಿಸಿಕೊಂಡು ಪಕ್ಕಕ್ಕೆ ಹೋದ. ಒಳ್ಳೆಯವನಾಗಿದ್ದಾನೆಂದು ಮೇಷ್ಟ್ರು ತಿಳಿಯಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದನ್ನು ನಿಲ್ಲಿಸಲೂ ಇಲ್ಲ. ಪ್ರತಿ ಸಂಜೆ ಹುಡುಗ ಗೇಟು ದಾಟುವಾಗ ನಾಳೆ ಬರುತ್ತಾನೋ ಇಲ್ಲವೋ ಎಂಬ ಒಂದೇ ಚಿಂತೆ ಅವರ ಎದೆಯಲ್ಲಿ ಕೂತಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಎಂಟನೇ ತರಗತಿಯಿಂದ ಗಲಾಟೆ ಕೇಳಿತು. ಮೇಷ್ಟ್ರು ಬಿಟ್ಟ ಬಾಣದಂತೆ ಓಡಿ ಕಿಟಕಿಯಲ್ಲಿ ಇಣುಕಿದರು. ಕಿಟಕಿಯ ಪಕ್ಕದ ಜಾಗಕ್ಕಾಗಿ ಇಬ್ಬರು ಬೆಂಚಿನ ಎರಡು ತುದಿ ಹಿಡಿದು ಜಗ್ಗುತ್ತಿದ್ದರು. ಒಬ್ಬ ಅದೇ ತರಗತಿಯ ಬಾಯಿಬಡುಕ, ಸರಿಸಮ ಎತ್ತರದವನು. ಇನ್ನೊಬ್ಬ ಇಸ್ತ್ರಿ ಹುಡುಗ. ಕಿವಿಯವರೆಗೆ ಕೆಂಪಾಗಿ, ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದ.

"ನಾನು ಮೊದಲು ಬಂದಿದ್ದು. ಬ್ಯಾಗು ಇಟ್ಟಿದ್ದೆ. ನಿನ್ನ ಕಣ್ಣೇನು ಬುತ್ತಿ ಡಬ್ಬೀಲಿ ಇಟ್ಟಿದ್ಯಾ?"

"ಬ್ಯಾಗು ನೆಲದ ಮೇಲಿತ್ತು ಕಣೋ."

"ನೀನೇ ಬೀಳಿಸಿ ಈಗ ನೆಲದ ಮೇಲಿತ್ತು ಅಂತೀಯಾ, ಸುಳ್ಳ."

ಮೇಷ್ಟ್ರು ವಿಷಲ್ಲಿಗೆ ಕೈ ಹಾಕಿದವರು ಬಿಟ್ಟರು. ಒಳಗೂ ಹೋಗಲಿಲ್ಲ. ಕೈ ಮೈಮೇಲೆ ಹೋಗುತ್ತದೆಯೇ ಎಂದಷ್ಟೇ ನೋಡುತ್ತ ಗೋಡೆಗೊರಗಿ ನಿಂತರು. ಹೋಗಲಿಲ್ಲ. ಸ್ವಲ್ಪ ಹೊತ್ತು ಬೆಂಚು ಅತ್ತಿತ್ತ ಜಗ್ಗಾಡಿತು, ಕಡೆಗೆ ಇಬ್ಬರೂ ಕಿಟಕಿಯ ಪಕ್ಕದಲ್ಲೇ ಒಬ್ಬರನ್ನೊಬ್ಬರು ಮೊಣಕೈಯಿಂದ ನೂಕುತ್ತ ಇಕ್ಕಟ್ಟಾಗಿ ಕೂತರು. ಬೈಗುಳ ಮಾತ್ರ ಗಂಟೆ ಹೊಡೆದ ಮೇಲೂ ನಿಲ್ಲಲಿಲ್ಲ.

ಸಂಜೆ, ಕೊನೆಗೂ ಇಸ್ತ್ರಿಗೆ ಕೊಟ್ಟಿದ್ದ ಪ್ಯಾಂಟು ತರಲು ಹೋದಾಗ ಅಂಗಡಿಯಲ್ಲಿ ತಾಯಿ ಒಬ್ಬಳೇ ಇದ್ದಳು. ಮಗ ಹಾಲು ತರಲು ಹೋಗಿದ್ದ. ಅವಳ ಕೈ ನಿಂತಿತು. ವಾರ ಮುಗಿಯಿತಲ್ಲ, ಇವತ್ತು ಹೇಗಿದ್ದ ಎಂದು ಮೆಲ್ಲಗೆ ಕೇಳಿದಳು.

"ಜಗಳ ಆಡಿದ" ಎಂದರು ಮೇಷ್ಟ್ರು.

ಅವಳ ಮುಖ ಬಾಡಿತು.

"ಗಾಬರಿಯಾಗಬೇಡಿ ತಾಯಿ. ಸಮಸಮ ಹುಡುಗನ ಜೊತೆ. ಬಾಯಿಗೆ ಬಾಯಿ ಕೊಟ್ಟು, ಕಿಟಕಿ ಪಕ್ಕದ ಜಾಗಕ್ಕೆ. ಚೆನ್ನಾಗಿ ಆಡಿದ."

"ಸೋತ್ನಾ?"

"ಅರ್ಧ ಬೆಂಚು ಗೆದ್ದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೇಷ್ಟ್ರಿಗೆ ತಿಳಿಯಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಮಗನ ಸೋಮವಾರದ ಅಂಗಿಯನ್ನು ಎಳೆದು, ನೀರು ಚಿಮುಕಿಸಿ, ಕಾಲರಿನಿಂದ ಶುರು ಮಾಡಿದಳು.